ವಾರ್ಡೋ, ಲ್ಯಾಬೋ?

ಎಂಬಿಬಿಎಸ್‌ಗೆ ಐದೂವರೆ ವರ್ಷ, ಎಂ.ಡಿ.ಗೆ ಮೂರು. ಅದರ ಮೇಲೆ ಪಿಎಚ್.ಡಿ. ಎಂದರೆ ಯುಜಿಸಿ ನಿಯಮದಂತೆ ಇನ್ನೂ ಮೂರಾದರೂ ಬೇಕು. ಮುಂಬೈಯ ಮಾಟುಂಗಾದ ಕನ್ನಡ ಮನೆಗಳಲ್ಲಿ ಈ ಲೆಕ್ಕ ಕೇಳಿದ ಅಜ್ಜಿ, ‘ಹಾಗಾದರೆ ಇವನ ಮದುವೆ ಯಾವಾಗ?’ ಎಂದರೆ ತಪ್ಪೇನಿಲ್ಲ.

ವೈದ್ಯಕೀಯ ಪದವಿ, ಪಿಎಚ್.ಡಿ. ಎರಡನ್ನೂ ಒಟ್ಟಿಗೆ ಓದಿಸಲು ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 1964ರಿಂದ ಹಣ ಕೊಡುತ್ತಿದೆ. ನಮ್ಮಲ್ಲಿ ಅಂಥ ಕೋರ್ಸು ಅಪರೂಪ. ಬೆಂಗಳೂರಿನ ಐಐಎಸ್‌ಸಿ ತನ್ನ ವೈದ್ಯಕೀಯ ಶಾಲೆಯ ಯೋಜನೆಯಲ್ಲಿ ಅದನ್ನು ಸೇರಿಸಿಕೊಂಡಿದೆ. ಮುಂಬೈಯಲ್ಲಿ ಸಾಮಾನ್ಯವಾಗಿ ಎಂ.ಡಿ. ಮುಗಿದ ಮೇಲೆಯೇ ಪಿಎಚ್.ಡಿ. ಮಾತು.

ಆದರೆ ಈ ಊರಿನ ವೈದ್ಯರು ಸಂಶೋಧನೆ ಮಾಡಲು ಪಿಎಚ್.ಡಿ.ಗಾಗಿ ಕಾದು ಕೂತವರಲ್ಲ. ಪರೇಲಿನ ಕೆಇಎಂ ಆಸ್ಪತ್ರೆಯ ಡಾ. ರುಸ್ತೊಮ್ ಜಾಲ್ ವಕೀಲ್ ತಮ್ಮ ರೋಗಿಗಳಿಗೆ ಸರ್ಪಗಂಧ ಕೊಟ್ಟು, ರಕ್ತದೊತ್ತಡ ಇಳಿಯುವುದನ್ನು ತಾಳ್ಮೆಯಿಂದ ಬರೆದಿಟ್ಟರು. 1949ರಲ್ಲಿ ‘ಬ್ರಿಟಿಷ್ ಹಾರ್ಟ್ ಜರ್ನಲ್’ನಲ್ಲಿ ಅದು ಅಚ್ಚಾಯಿತು, ನಮ್ಮ ನಾಟಿ ವೈದ್ಯರಿಗೆ ಗೊತ್ತಿದ್ದ ಬೇರು ಜಗತ್ತಿನ ವೈದ್ಯರ ಕೈಸೇರಿತು. 1957ರಲ್ಲಿ ಲಾಸ್ಕರ್ ಪ್ರಶಸ್ತಿಯೂ ಬಂತು. ಅದೇ ಪರೇಲಿನಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು ‘ಓ’ ಗುಂಪಿನ ರಕ್ತವೂ ಹೊಂದದ ಕೆಲವರನ್ನು ಗುರುತಿಸಿ, 1952ರಲ್ಲಿ ‘ಲ್ಯಾನ್ಸೆಟ್’ಗೆ ಬರೆದರು. ಅದೇ ಇಂದಿನ ‘ಬಾಂಬೆ ಬ್ಲಡ್ ಗ್ರೂಪ್’. ರೋಗಿಯ ಪಕ್ಕದಲ್ಲೇ ಹುಟ್ಟಿ, ಅಲ್ಲೇ ಉತ್ತರ ಸಿಗುವ ಪ್ರಶ್ನೆಗಳಿವು.

ಕಮಲ್ ರಣದಿವೆಯವರದು ಬೇರೆ ಕಥೆ. ಮಗಳು ಡಾಕ್ಟರಾಗಲಿ ಎಂದು ಅಪ್ಪನಿಗೆ ಆಸೆ; ಕಮಲ್ ಸಸ್ಯಶಾಸ್ತ್ರ ಹಿಡಿದರು. ರೋಗಶಾಸ್ತ್ರಜ್ಞ ವಿ. ಆರ್. ಖಾನೋಲ್ಕರ್ ಅವರ ಕೈಕೆಳಗೆ 1949ರಲ್ಲಿ ಬಾಂಬೆ ವಿಶ್ವವಿದ್ಯಾಲಯದ ಪಿಎಚ್.ಡಿ. ಪಡೆದು, ಮುಂದೆ ಅಂಗಾಂಶ ಕೃಷಿಯ ಪ್ರಯೋಗಾಲಯ ಕಟ್ಟಿ, ಕ್ಯಾನ್ಸರ್ ಸಂಶೋಧನೆಗೆ ಬದುಕು ಕೊಟ್ಟರು. ಜೀವಕೋಶ ಬೆಳೆಸುವುದನ್ನು ಎರಡು ನೈಟ್ ಡ್ಯೂಟಿಗಳ ನಡುವೆ ಕಲಿಯಲಾಗದು. ಹೀಗೆ ಲ್ಯಾಬಿನಲ್ಲೇ ಉತ್ತರ ಹುಡುಕಬೇಕಾದ ಪ್ರಶ್ನೆ ನಿದ್ದೆ ಕೆಡಿಸುತ್ತಿದ್ದರೆ ಮಾತ್ರ ಪಿಎಚ್.ಡಿ.ಗೆ ಇಳಿಯಬೇಕು ಎನ್ನುತ್ತೇನೆ ನಾನು. ಬೋರ್ಡಿನ ಮೇಲೆ ಇನ್ನೊಂದು ಪದವಿ ಸೇರಲಿ ಎಂಬ ಆಸೆಗಾದರೆ ಬೇಡ. ಪಿಎಚ್.ಡಿ. ಮಾಡುವವರಿಗೆ ಸಿಗುವ ಜೆಆರ್‌ಎಫ್ ಫೆಲೋಶಿಪ್‌ನ ಮೊತ್ತ 2023ರಲ್ಲಿ ಏರಿದ ಮೇಲೂ ತಿಂಗಳಿಗೆ 37,000 ರೂಪಾಯಿ, ಮನೆಬಾಡಿಗೆ ಭತ್ಯೆ ಬೇರೆ. ಜೊತೆಗೆ ಓದಿದವರು ಅಷ್ಟರಲ್ಲಿ ಕ್ಲಿನಿಕ್ ತೆರೆದಿರುತ್ತಾರೆ.

ಇನ್ನೂ ಎಂಬಿಬಿಎಸ್ ಓದುತ್ತಿರುವವರಿಗೆ ಒಂದು ಅಗ್ಗದ ಪರೀಕ್ಷೆಯಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1979ರಲ್ಲಿ ಶುರುಮಾಡಿದ ಎಸ್‌ಟಿಎಸ್ (ಅಲ್ಪಾವಧಿ ವಿದ್ಯಾರ್ಥಿವೇತನ) ಯೋಜನೆಯಲ್ಲಿ ಗೈಡ್ ಒಬ್ಬರ ಕೆಳಗೆ ಎರಡು ತಿಂಗಳು ಸಂಶೋಧನೆ ಮಾಡಬಹುದು. ಕೈಕೊಟ್ಟ ಪ್ರಯೋಗವನ್ನು ಮತ್ತೆ ಮೊದಲಿನಿಂದ ಶುರುಮಾಡುವ ಮನಸ್ಸು ತಮಗಿದೆಯೇ ಎಂಬುದು ಅಷ್ಟರಲ್ಲಿ ಗೊತ್ತಾಗಿಬಿಡುತ್ತದೆ.