ಕಜ್ಜಿಯಲ್ಲ, ಅದು ಸಣ್ಣ ನುಸಿಯ ಕಡಿತ

ಮಳೆಗಾಲ ಮುಗಿಯುತ್ತಾ ಬಂದಿತ್ತು. ನಮ್ಮ ಮದ್ರಸದ ಐದನೇ ತರಗತಿಯ ಒಬ್ಬ ಹುಡುಗ ಪಾಠದ ಮಧ್ಯೆ ಮೈ ಕೆರೆದುಕೊಳ್ಳುವುದನ್ನು ಒಂದು ವಾರದಿಂದ ನೋಡುತ್ತಿದ್ದೆ. ಮುಂಗೈ, ಕಾಲಿನ ಗಂಟು, ಕಿವಿಯ ಹಿಂದೆ ಕೆಂಪು ಬೊಕ್ಕೆಗಳು. ಕೆಲವನ್ನು ಕೆರೆದು ಕೆರೆದು ಹುಣ್ಣು ಮಾಡಿಕೊಂಡಿದ್ದ. ಪಕ್ಕದಲ್ಲಿ ಕೂರುವ ಮಗುವಿನ ಮನೆಯಿಂದ ಫೋನ್ ಬಂತು. ‘ಉಸ್ತಾದರೇ, ಅವನಿಗೆ ಕಜ್ಜಿ ಇದೆಯಂತೆ. ನಮ್ಮ ಮಗುವನ್ನು ಬೇರೆ ಕಡೆ ಕೂರಿಸಿ.’ ಮರುದಿನ ಇನ್ನೊಂದು ಮನೆಯಿಂದಲೂ ಅದೇ ಮಾತು. ನಾನು ಹೆಚ್ಚು ಯೋಚನೆ ಮಾಡಲಿಲ್ಲ. ಆ ಹುಡುಗನನ್ನೇ ಹಿಂದಿನ ಖಾಲಿ ಬೆಂಚಿಗೆ ಕಳಿಸಿದೆ. ‘ಸ್ವಲ್ಪ ದಿನ ಅಲ್ಲಿ ಕೂತ್ಕೋ ಮೋನೇ’ ಎಂದೆ. ಅವನು ಏನೂ ಹೇಳಲಿಲ್ಲ, ಕಿತಾಬು ಎತ್ತಿಕೊಂಡು ಹೋಗಿ ಕೂತ. ಮೂರು ದಿನ ಹಾಗೆ ಕೂತು, ನಾಲ್ಕನೇ ದಿನದಿಂದ ಮದ್ರಸಕ್ಕೇ ಬರಲಿಲ್ಲ.

ಅವನ ಉಮ್ಮ ಬಂದರು. ಬಾಗಿಲ ಹೊರಗೆ ನಿಂತೇ ಮಾತಾಡಿದರು. ‘ದಿನಾ ಮೀಯಿಸ್ತೇನೆ ಉಸ್ತಾದರೇ. ಬಟ್ಟೆಯನ್ನು ಬಿಸಿನೀರಿಗೆ ಹಾಕ್ತೇನೆ. ಆದ್ರೂ ಮಕ್ಕಳೆಲ್ಲ ಅವನನ್ನು ಕಜ್ಜಿ ಕಜ್ಜಿ ಅಂತ ಕರೀತಾರಂತೆ. ಇನ್ನು ಹೋಗೋದಿಲ್ಲ ಅಂತ ಹಟ ಹಿಡಿದಿದ್ದಾನೆ.’ ಹುಡುಗನ ಬಾಪ ದಮ್ಮಾಮ್‌ನಲ್ಲಿ ಕೆಲಸದಲ್ಲಿದ್ದಾರೆ. ವೀಡಿಯೊ ಕಾಲ್‌ನಲ್ಲಿ ಮಗನ ಕೈ ನೋಡಿ ಗಾಬರಿಯಾಗಿ, ಊರಿಗೆ ಬರುವವರ ಕೈಯಲ್ಲಿ ಒಂದು ಟ್ಯೂಬ್ ಕಳಿಸಿದ್ದರು. ಅದನ್ನು ಹಚ್ಚಿದರೆ ಎರಡು ದಿನ ಕಡಿಮೆ, ಆಮೇಲೆ ಮೊದಲಿಗಿಂತ ಜಾಸ್ತಿ. ನನಗೆ ಹೇಳಲು ಮಾತೇ ಬರಲಿಲ್ಲ. ಮೊದಲು ಆಸ್ಪತ್ರೆಗೆ ಹೋಗಿ ತೋರಿಸಿ ಎಂದೆ. ಹೇಳಬೇಕಾದ್ದನ್ನು ನಾನು ಬೆಂಚು ಬದಲಿಸುವ ಮೊದಲೇ ಹೇಳಬೇಕಿತ್ತು.

ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟ್ರು ಹುಡುಗನ ಬೆರಳುಗಳನ್ನು ಅಗಲಿಸಿ ಸಂದಿ ನೋಡಿದರಂತೆ. ಅಲ್ಲಿ ಏನೂ ಇರಲಿಲ್ಲ. ಮನೆಯಲ್ಲಿ ಬೇರೆ ಯಾರಿಗಾದರೂ ರಾತ್ರಿ ತುರಿಕೆ ಇದೆಯಾ ಎಂದು ಕೇಳಿದರು. ಇಲ್ಲ. ಹೊಸ ಬೊಕ್ಕೆ ಏಳುವುದು ಯಾವಾಗ? ಸಂಜೆ. ಮನೆ ಎಲ್ಲಿ? ತೋಡಿನ ಬದಿ. ಅಷ್ಟರಲ್ಲೇ ವಿಷಯ ಮುಗಿಯಿತು. ‘ಇದು ಕಜ್ಜಿಯಲ್ಲ, ಸಣ್ಣ ನುಸಿ ಕಚ್ಚಿದ್ದು’ ಎಂದರು. ಟ್ಯೂಬ್ ನೋಡಿ, ಇದರಲ್ಲಿ ಸ್ಟೀರಾಯ್ಡ್ ಇದೆ, ಕೇಳದೆ ಹಚ್ಚಬೇಡಿ ಎಂದು ಬದಿಗಿಟ್ಟರು.

ಈ ವ್ಯತ್ಯಾಸ ನಮ್ಮ ಪ್ರತಿ ಮನೆಯಲ್ಲೂ ಗೊತ್ತಿರಬೇಕು. ಕಜ್ಜಿಯಲ್ಲಿ ಒಂದು ಅತಿ ಸಣ್ಣ ಹುಳ ಚರ್ಮದೊಳಗೆ ಕೊರೆದು ಕೂರುತ್ತದೆ. ಬೆರಳ ಸಂದಿ, ಮಣಿಕಟ್ಟು, ಕಂಕುಳು, ಸೊಂಟ, ಬಟ್ಟೆ ಮುಚ್ಚಿದ ಜಾಗಗಳಲ್ಲೇ ಅದು ಹೆಚ್ಚು. ರಾತ್ರಿ ಹಾಸಿಗೆಯಲ್ಲಿ ತುರಿಕೆ ತಡೆಯಲಾಗದು, ನಿಧಾನಕ್ಕೆ ಮನೆಯವರೆಲ್ಲರಿಗೂ ಬರುತ್ತದೆ. ನುಸಿ ಕಚ್ಚುವುದು ಹೆಚ್ಚಾಗಿ ಬಟ್ಟೆ ಇಲ್ಲದ ಕಡೆ. ಪಾದ, ಕಾಲಿನ ಗಂಟು, ಮುಂಗೈ, ಕತ್ತು, ಕಿವಿ. ತಿಗಣೆಯಾದರೆ ಕಡಿತಗಳು ಸಾಲಾಗಿ ಇರುವುದುಂಟು, ಬೆಳಗ್ಗೆ ಏಳುವಾಗ ಕಾಣುತ್ತವೆ, ಹಾಸಿಗೆಯ ಹೊಲಿಗೆಯಲ್ಲಿ ಕಪ್ಪು ಚುಕ್ಕೆ ಸಿಗುತ್ತದೆ. ಇಷ್ಟು ನೋಡಲು ಡಾಕ್ಟ್ರೇ ಬೇಕೆಂದಿಲ್ಲ, ಆದರೆ ಸಂಶಯ ಇದ್ದರೆ ತೋರಿಸಿ. ಇನ್ನೊಂದು ಮಾತು. ಅದು ಕಜ್ಜಿಯೇ ಆಗಿದ್ದರೂ ಹಿಂದಿನ ಬೆಂಚು ಅದಕ್ಕೆ ಮದ್ದಲ್ಲ. ಡಾಕ್ಟ್ರು ಕೊಡುವ ಕ್ರೀಮನ್ನು ಮನೆಯವರೆಲ್ಲ ಒಂದೇ ದಿನ ಹಚ್ಚಿಕೊಂಡರೆ ಮಗು ಮರುದಿನವೇ ತರಗತಿಗೆ ಬರಬಹುದು.

ಕಾಣದೆ ಕಚ್ಚುವುದು

ಮುಂದಿನ ಶುಕ್ರವಾರ ಅಸರ್ ಕಳೆದು ನಾನು ಅವರ ಮನೆಗೆ ಹೋದೆ. ಮನೆ ಅಡಿಕೆ ತೋಟದೊಳಗೆ. ಹಿಂದೆ ಆಡಿನ ಹಟ್ಟಿ, ಅದರ ಪಕ್ಕ ಗೊಬ್ಬರದ ರಾಶಿ, ಅದಕ್ಕೆ ತಾಗಿ ಹಳೆಯ ಅಡಿಕೆ ಸಿಪ್ಪೆ. ಬಾಳೆ ಕಡಿದ ಬುಡಗಳು ಅಲ್ಲಲ್ಲೇ ಕೊಳೆಯುತ್ತಿದ್ದವು. ಬಚ್ಚಲ ನೀರು ಬಾಳೆ ಬುಡಕ್ಕೆ ಹರಿದು ಅಲ್ಲಿ ಕಪ್ಪು ಕೆಸರು. ಜಗಲಿಯಲ್ಲಿ ಚಹಾ ಕೊಟ್ಟರು. ಹೊತ್ತು ಇಳಿಯುತ್ತಾ ಬಂದ ಹಾಗೆ ಗಾಳಿ ನಿಂತಿತು. ಹತ್ತು ನಿಮಿಷ ಆಗಿರಲಿಲ್ಲ, ನನ್ನ ಕಾಲಿನ ಗಂಟಿನ ಸುತ್ತ ಬೆಂಕಿ ಕಿಡಿ ತಾಗಿದ ಹಾಗೆ ಉರಿ. ನೋಡಿದರೆ ಏನೂ ಇಲ್ಲ. ಸದ್ದೂ ಇಲ್ಲ. ಹುಡುಗನ ಅಜ್ಜಿ ನಕ್ಕರು. ‘ಅದು ಕಾಣುವುದಿಲ್ಲ ಉಸ್ತಾದರೇ, ಕಚ್ಚಿದ ಮೇಲೆಯೇ ಗೊತ್ತಾಗೋದು.’ ಮೊಬೈಲ್ ಟಾರ್ಚ್ ಹಾಕಿ ಬಗ್ಗಿ ನೋಡಿದಾಗ ಚರ್ಮದ ಮೇಲೆ ಬೂದು ಬಣ್ಣದ ಒಂದು ಚುಕ್ಕೆ. ಸಾಸಿವೆ ಕಾಳಿನಷ್ಟೂ ಇರಲಿಲ್ಲ.

ಕೆಲವರು ಇದನ್ನು ನೊರಜು ಎನ್ನುತ್ತಾರೆ, ನಮ್ಮ ಕಡೆ ಹೆಚ್ಚಿನವರು ಸಣ್ಣ ನುಸಿ ಅಂತಲೇ ಹೇಳುವುದು. ವಿಜ್ಞಾನದಲ್ಲಿ ಇದರ ಹೆಸರು ಕ್ಯೂಲಿಕಾಯ್ಡಿಸ್. ಉದ್ದ ಒಂದರಿಂದ ಮೂರು ಮಿಲಿಮೀಟರ್. ಸೊಳ್ಳೆಯ ಹಾಗೆಯೇ ಇದರಲ್ಲೂ ರಕ್ತ ಹೀರುವುದು ಹೆಣ್ಣು ಮಾತ್ರ, ಮೊಟ್ಟೆ ಕಟ್ಟಲು ಅದಕ್ಕೆ ರಕ್ತ ಬೇಕು. ಸೊಳ್ಳೆ ಸೂಜಿ ಚುಚ್ಚಿದ ಹಾಗೆ ಚುಚ್ಚುತ್ತದೆ, ಇದು ಕತ್ತರಿ ಹಾಕಿದ ಹಾಗೆ ಚರ್ಮವನ್ನು ಕೊಯ್ದು ಬರುವ ರಕ್ತ ಹೀರುತ್ತದೆ. ಅದರ ಎಂಜಲಿಗೆ ನಮ್ಮ ಮೈ ಸಿಟ್ಟಾಗುವುದರಿಂದ ತುರಿಕೆ. ಕೆಲವರಿಗೆ ಒಂದು ಗಂಟೆಯಲ್ಲಿ ಮಾಯ. ಮಕ್ಕಳಿಗೆ ವಾರಗಟ್ಟಲೆ ಇರಬಹುದು, ಹೊಸದು ಕಚ್ಚಿದಾಗ ಹಳೆಯ ಬೊಕ್ಕೆಯೂ ಮತ್ತೆ ಕೆಂಪಗಾಗುತ್ತದೆ. ಒಂದೇ ಮನೆಯಲ್ಲಿ ಅಣ್ಣನಿಗೆ ಏನೂ ಇಲ್ಲ, ತಮ್ಮನ ಮೈಯೆಲ್ಲ ಬೊಕ್ಕೆ ಎಂದರೆ ಅದಕ್ಕೆ ಕಾರಣ ಕೊಳೆಯಲ್ಲ, ಮೈಯ ಗುಣ.

ಇದು ಹುಟ್ಟುವ ಜಾಗವೇ ಮುಖ್ಯ ವಿಷಯ. ಡೆಂಗ್ಯೂ ಹರಡುವ ಸೊಳ್ಳೆ ಟಯರ್, ಚಿಪ್ಪು, ಡ್ರಮ್ಮಿನ ತಿಳಿನೀರಿನಲ್ಲಿ ಮೊಟ್ಟೆ ಇಡುತ್ತದೆ. ಅದನ್ನು ಕವುಚಿ ಹಾಕಲೇಬೇಕು. ಆದರೆ ನುಸಿಗೆ ನೀರಿನ ಪಾತ್ರೆ ಬೇಡ, ಹಸಿ ಕೆಸರು ಸಾಕು. ಸೆಗಣಿ, ಹಿಕ್ಕೆ ಸೇರಿದ ಮಣ್ಣು, ಕೊಳೆತ ಬಾಳೆ ದಿಂಡು, ತೋಡಿನ ಅಂಚು, ಉಬ್ಬರ ಇಳಿತದ ನೀರು ತಾಗಿ ಒಣಗುವ ಹೊಳೆ ಬದಿಯ ಮಣ್ಣು, ಕಾಂಡ್ಲಾ ಗಿಡಗಳ ಬುಡ. ನೇತ್ರಾವತಿ ಮತ್ತು ಫಲ್ಗುಣಿ ಸಮುದ್ರ ಸೇರುವ ಅಳಿವೆಯ ಆಚೀಚೆ ವಾಸ ಇರುವವರಿಗೆ ಇಂಥ ಜಾಗ ಹೊಸತಲ್ಲ. ಹಾಗಂತ ಯಾರೂ ಕಾಂಡ್ಲಾ ಕಡಿಯಲು ಹೋಗಬೇಡಿ. ದಡ ಕೊರೆಯದಂತೆ ಹಿಡಿದಿರುವುದು ಅದೇ, ಮೀನು ಮರಿ ಮಾಡುವುದೂ ಅಲ್ಲೇ. ಹೊಳೆಯ ಕೆಸರನ್ನು ನಾವು ಒಣಗಿಸಲಾರೆವು, ಹಿತ್ತಿಲ ಕೆಸರನ್ನು ಒಣಗಿಸಬಹುದು. ಹೊಗೆ ಯಂತ್ರ ತಂದು ಫಾಗಿಂಗ್ ಮಾಡಿಸಿ ಎಂದು ಕೆಲವರು ಒತ್ತಾಯಿಸುತ್ತಾರೆ. ಆ ಹೊಗೆ ಹಾರುವ ನುಸಿಗೆ ತಾಗಬಹುದು, ಕೆಸರಿನೊಳಗಿನ ಮರಿಗೆ ತಾಗುವುದಿಲ್ಲ.

ಆ ಮನೆಯಲ್ಲಿ ಏನು ಮಾಡಿದರು

ಅವರು ಮಾಡಿದ್ದು ದೊಡ್ಡ ಖರ್ಚಿನ ಕೆಲಸವಲ್ಲ. ಬಚ್ಚಲ ನೀರಿಗೆ ಪೈಪ್ ಹಾಕಿ ಕಲ್ಲು ತುಂಬಿದ ಇಂಗುಗುಂಡಿಗೆ ಬಿಟ್ಟರು. ಗೊಬ್ಬರದ ರಾಶಿಯನ್ನು ಮನೆಯಿಂದ ದೂರ, ಬಿಸಿಲು ಬೀಳುವ ಕಡೆ ಸಾಗಿಸಿ ಮೇಲೆ ಟಾರ್ಪಾಲ್ ಹೊದಿಸಿದರು. ಅಡಿಕೆ ಸಿಪ್ಪೆಯನ್ನು ತೆಳ್ಳಗೆ ಹರಡಿ ಒಣಗಿಸಿದರು. ಬಾಳೆ ಬುಡ ಕಿತ್ತು ತುಂಡು ಮಾಡಿ ತೋಟದ ಆ ತುದಿಗೆ ಹಾಕಿದರು. ಹಟ್ಟಿಯ ನೆಲವನ್ನು ದಿನಾ ಬೆಳಗ್ಗೆ ಬಾಚಿ ಒಣಗಲು ಬಿಡುವುದು ಹುಡುಗನ ಕೆಲಸವಾಯಿತು.

ಇನ್ನು ಕಚ್ಚದಂತೆ ತಡೆಯುವುದು. ಹೆಚ್ಚಿನವರು ಸೊಳ್ಳೆ ಪರದೆ ಕಟ್ಟಿ ನಿಶ್ಚಿಂತೆಯಲ್ಲಿ ಮಲಗುತ್ತಾರೆ. ಸೊಳ್ಳೆಗೆ ಅದು ಸರಿ, ಆದರೆ ಮಾಮೂಲಿ ಪರದೆಯ ಕಣ್ಣಿನೊಳಗೆ ಈ ನುಸಿ ನುಸುಳುತ್ತದೆ. ಕಿಟಕಿಯ ಜಾಲರಿಯದೂ ಅದೇ ಕತೆ. ತೀರಾ ಒತ್ತಾದ ಬಲೆ ಹಾಕಿದರೆ ನುಸಿ ನಿಲ್ಲುತ್ತದೆ, ಜೊತೆಗೆ ಗಾಳಿಯೂ ನಿಲ್ಲುತ್ತದೆ, ನಮ್ಮ ಕರಾವಳಿಯ ಸೆಕೆಗೆ ಅದು ಆಗುವ ಮಾತಲ್ಲ. ಇದಕ್ಕಿಂತ ಸುಲಭದ ಮದ್ದು ಫ್ಯಾನ್. ಈ ನುಸಿಗೆ ರೆಕ್ಕೆಯ ಬಲ ಕಡಿಮೆ, ಸ್ವಲ್ಪ ಗಾಳಿ ಬೀಸಿದರೂ ಹಾರಲಾಗದು. ಜಗಲಿಯಲ್ಲಿ ಒಂದು ಟೇಬಲ್ ಫ್ಯಾನನ್ನು ನೆಲಕ್ಕಿಟ್ಟು ಕಾಲಿನ ಕಡೆಗೆ ತಿರುಗಿಸಿ. ತಲೆಯ ಮೇಲಿನ ಫ್ಯಾನಿಗಿಂತ ಇದೇ ಮೇಲು, ಏಕೆಂದರೆ ಕೂತವರ ಕಾಲಿಗೇ ಅದು ಹೆಚ್ಚು ಬರುವುದು. ಮಲಗುವಾಗಲೂ ಪರದೆ ಮತ್ತು ಫ್ಯಾನ್ ಎರಡೂ ಇರಲಿ.

ಹೊತ್ತು ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು. ಸೂರ್ಯ ಮುಳುಗುವ ಆಚೀಚೆ ಮತ್ತು ಬೆಳಕು ಹರಿಯುವ ಹೊತ್ತು ಇದರ ಕಾಟ ಹೆಚ್ಚು. ಅಂದರೆ ಸರಿಯಾಗಿ ನಮ್ಮ ಮಕ್ಕಳು ಮಗ್ರಿಬ್‌ಗೆ ಮೊದಲು ಅಂಗಳದಲ್ಲಿ ಆಡುವ ಹೊತ್ತು, ಸುಬ್ಹಿ ಕಳೆದು ಮದ್ರಸಕ್ಕೆ ನಡೆದು ಬರುವ ಹೊತ್ತು. ಆಗ ಉದ್ದ ತೋಳಿನ ಅಂಗಿ, ಉದ್ದ ಪ್ಯಾಂಟ್, ಸಾಧ್ಯವಾದರೆ ಕಾಲುಚೀಲ ಹಾಕಿಸಿ. ಮೈಗೆ ಅಂಟುವ ತೆಳು ಬಟ್ಟೆಗಿಂತ ಸಡಿಲ ಬಟ್ಟೆ ಒಳ್ಳೆಯದು.

ಅಂಗಡಿಯಲ್ಲಿ ಸಿಗುವ ಸೊಳ್ಳೆ ಕ್ರೀಮ್ ನುಸಿಗೂ ಆಗುತ್ತದೆ. ಡೀಟ್ ಅಥವಾ ಪಿಕಾರಿಡಿನ್ ಇರುವಂಥದ್ದು ನಂಬಿಕೆಗೆ ಅರ್ಹ. ಎರಡು ತಿಂಗಳೊಳಗಿನ ಹಸುಗೂಸಿಗೆ ಹಚ್ಚಲೇಬಾರದು. ಚಿಕ್ಕ ಮಕ್ಕಳ ಅಂಗೈಗೆ ಹಚ್ಚಬೇಡಿ, ಬಾಯಿಗೆ, ಕಣ್ಣಿಗೆ ಹೋಗುತ್ತದೆ. ಇಲ್ಲಿ ನಮ್ಮವರು ಗಮನಿಸಬೇಕಾದ ಒಂದು ವಿಷಯ ಇದೆ. ವುಝೂವಿನಲ್ಲಿ ಮುಖ, ಕೈ, ಕಾಲು ತೊಳೆಯುತ್ತೇವೆ. ನುಸಿ ಕಚ್ಚುವುದೂ ಅಲ್ಲೇ, ಕ್ರೀಮ್ ಹಚ್ಚುವುದೂ ಅಲ್ಲೇ. ಅಸರ್ ಕಳೆದು ಹಚ್ಚಿದ ಕ್ರೀಮ್ ಮಗ್ರಿಬ್‌ನ ವುಝೂವಿಗೆ ತೊಳೆದು ಹೋಗಿರುತ್ತದೆ, ಸರಿಯಾಗಿ ನುಸಿ ಬರುವ ಹೊತ್ತಿಗೆ ಕಾಲು ಬರಿದು. ಕ್ರೀಮಿನಿಂದ ಪ್ರಯೋಜನವೇ ಇಲ್ಲ ಎಂದು ದೂರುವವರು ಇದನ್ನೊಮ್ಮೆ ಯೋಚಿಸಿ. ವುಝೂ ಮಾಡಿ, ಒರೆಸಿಕೊಂಡು, ಆಮೇಲೆ ಹಚ್ಚಿ.

ಹಳಬರು ತೆಂಗಿನೆಣ್ಣೆಗೆ ಸ್ವಲ್ಪ ಬೇವಿನೆಣ್ಣೆ ಬೆರೆಸಿ ಹಚ್ಚುತ್ತಿದ್ದರು. ಇದು ಬರೀ ನಂಬಿಕೆಯಲ್ಲ, ನಮ್ಮ ದೇಶದಲ್ಲೇ ಇದನ್ನು ಪರೀಕ್ಷಿಸಿ ನೋಡಿದ್ದಾರೆ, ಸ್ವಲ್ಪ ಹೊತ್ತು ರಕ್ಷಣೆ ಸಿಗುತ್ತದೆ. ಆದರೆ ಬೇವಿನೆಣ್ಣೆ ಚಿಕ್ಕ ಮಕ್ಕಳ ಹೊಟ್ಟೆಗೆ ಹೋದರೆ ಅಪಾಯ, ಬಾಟಲಿ ಎತ್ತರದಲ್ಲಿಡಿ. ಎಣ್ಣೆ ದಪ್ಪಗೆ ಹಚ್ಚಿದ್ದರೆ ಸೋಪ್ ಹಾಕಿ ತೊಳೆದ ನಂತರ ವುಝೂ ಮಾಡಿ. ಹಟ್ಟಿಯಲ್ಲಿ ಬೇವಿನ ಸೊಪ್ಪಿನ ಹೊಗೆ ಹಾಕುವುದು ಸರಿ, ಉಬ್ಬಸ ಇರುವವರು ಮತ್ತು ಕೂಸುಗಳು ಮಲಗುವ ಕೋಣೆಯಲ್ಲಿ ಬೇಡ. ಸೀಮೆ ಎಣ್ಣೆ, ಗಿಡಕ್ಕೆ ಹೊಡೆಯುವ ಮದ್ದು ಮೈಗೆ ತಾಗಿಸುವುದು ಮಾತ್ರ ಬೇಡವೇ ಬೇಡ.

ಕಚ್ಚಿದ ಮೇಲೆ ಸೋಪ್ ನೀರಿನಲ್ಲಿ ತೊಳೆದು ತಣ್ಣೀರ ಬಟ್ಟೆ ಇಡಿ. ಕ್ಯಾಲಮೈನ್ ಲೋಷನ್ ತುರಿಕೆ ಇಳಿಸುತ್ತದೆ. ಸುಣ್ಣ, ಟೂತ್‌ಪೇಸ್ಟ್ ಹಚ್ಚಿದರೆ ಚರ್ಮ ಇನ್ನಷ್ಟು ಕೆಡುತ್ತದೆ. ಮಗುವಿನ ಉಗುರು ಚಿಕ್ಕದಾಗಿರಲಿ, ಅರ್ಧ ಹುಣ್ಣು ಆಗುವುದು ಉಗುರಿನಿಂದಲೇ. ಕೀವು, ಹಳದಿ ಪೊರೆ, ಸುತ್ತ ಬಿಸಿ ಮತ್ತು ಊತ, ಜ್ವರ ಕಂಡರೆ ತಡ ಮಾಡದೆ ಡಾಕ್ಟ್ರಿಗೆ ತೋರಿಸಿ.

ರೋಗದ ಭಯ ಹಲವರಿಗಿದೆ. ಈ ನುಸಿ ಡೆಂಗ್ಯೂ, ಮಲೇರಿಯಾ ಹರಡುವುದಿಲ್ಲ. ಆದರೆ ಕುರಿಗಳಿಗೆ ಇದರಿಂದ ನೀಲಿ ನಾಲಿಗೆ ರೋಗ ಬರುತ್ತದೆ. ಜ್ವರ, ಬಾಯಿ ಊತ, ಜೊಲ್ಲು, ಕುಂಟುವುದು ಅದರ ಲಕ್ಷಣ. ಬಕ್ರೀದ್‌ಗೆಂದು ಘಟ್ಟದ ಮೇಲಿಂದ ಕುರಿ ತಂದು ತಿಂಗಳುಗಟ್ಟಲೆ ಸಾಕುವವರು ಪಶುವೈದ್ಯರಲ್ಲಿ ಇದರ ಲಸಿಕೆ ಬಗ್ಗೆ ಕೇಳಿಕೊಳ್ಳಿ. ಮನುಷ್ಯರಿಗೆ ಆ ರೋಗ ಬರುವುದಿಲ್ಲ. ಗಲ್ಫ್‌ನಲ್ಲಿರುವವರ ವಿಷಯ ಬೇರೆ. ಅಲ್ಲಿಯ ಮರಳು ನೊಣ ಕೂಡ ಇಷ್ಟೇ ಸಣ್ಣದು, ಪರದೆಯೊಳಗೂ ನುಸುಳುತ್ತದೆ. ಸೌದಿಯ ಅಲ್ ಅಹ್ಸಾ, ಖಸೀಮ್, ಮದೀನಾ ಪ್ರದೇಶಗಳಲ್ಲಿ ಅದು ಲೀಶ್ಮೇನಿಯಾಸಿಸ್ ಎಂಬ ಚರ್ಮದ ಹುಣ್ಣು ಹರಡುತ್ತದೆ. ಖರ್ಜೂರದ ತೋಟಗಳಲ್ಲಿ ದುಡಿಯುವ, ಹೊರಗೆ ಮಲಗುವ ನಮ್ಮವರು ಕೈ, ಮುಖದಲ್ಲಿ ನೋವಿಲ್ಲದ ಹುಣ್ಣು ವಾರಗಳಾದರೂ ಮಾಯದಿದ್ದರೆ ಅಲ್ಲೇ ಆಸ್ಪತ್ರೆಗೆ ತೋರಿಸಬೇಕು. ಊರಿಗೆ ಬಂದ ಮೇಲೆ ತೋರಿಸಿದರೂ ತಾನು ಎಲ್ಲಿದ್ದೆ ಎಂದು ಡಾಕ್ಟ್ರಿಗೆ ಹೇಳಲು ಮರೆಯಬಾರದು. ದಮ್ಮಾಮ್‌ನಲ್ಲಿರುವ ಬಾಪನಿಗೂ ಇದನ್ನು ಫೋನಿನಲ್ಲಿ ಹೇಳಿದೆ.

ಆ ಮನೆಯಿಂದ ಬಂದ ಮರುದಿನ ಬೆಳಗ್ಗೆ ಮದ್ರಸದ ಹಿಂದೆ ಹೋಗಿ ನೋಡಿದೆ. ವುಝೂವಿನ ನೀರು ಹರಿದು ಗೋಡೆಯ ಬುಡದಲ್ಲಿ ನಮ್ಮದೇ ಒಂದು ಕೆಸರು ಗುಂಡಿ. ಇಷ್ಟು ವರ್ಷ ಅದನ್ನು ದಾಟಿಯೇ ನಡೆದಿದ್ದೇನೆ. ಕಮಿಟಿಯವರಿಗೆ ತೋರಿಸಿದೆ, ಎರಡು ವಾರದೊಳಗೆ ಪೈಪ್ ಹಾಕಿಸಿಕೊಟ್ಟರು. ಫೋನ್ ಮಾಡಿದ್ದ ಎರಡೂ ಮನೆಗಳಿಗೆ ನಾನೇ ಫೋನ್ ಮಾಡಿ, ಅದು ಕಜ್ಜಿ ಅಲ್ಲ, ತಪ್ಪು ನನ್ನಿಂದಲೂ ಆಯಿತು ಎಂದೆ. ತರಗತಿಯಲ್ಲಿ ನನ್ನ ಕಾಲಿನ ಕೆಂಪು ಬೊಕ್ಕೆಗಳನ್ನು ಮಕ್ಕಳಿಗೆ ತೋರಿಸಿದೆ. ‘ಹಾಗಾದ್ರೆ ಉಸ್ತಾದರೂ ಹಿಂದಿನ ಬೆಂಚಿಗೆ ಹೋಗ್ಬೇಕಾ?’ ಎಂದು ಒಬ್ಬ ಕೇಳಿದ. ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ.

ಹುಡುಗ ಮುಂದಿನ ಸೋಮವಾರ ಬಂದ. ಬಾಗಿಲಲ್ಲಿ ನಿಂತು ಹಿಂದಿನ ಬೆಂಚನ್ನೂ ನನ್ನನ್ನೂ ನೋಡಿದ. ಎದ್ದು ಹೋಗಿ ಅವನ ಕೈ ಹಿಡಿದು ಎರಡನೇ ಬೆಂಚಿನ ಹಳೆಯ ಜಾಗದಲ್ಲೇ ಕೂರಿಸಿದೆ. ಈಗ ಹೊಸ ಬೊಕ್ಕೆ ಅಪರೂಪ. ಕಾಲಿನ ಕಪ್ಪು ಕಲೆಗಳು ಇನ್ನೂ ಹೋಗಿಲ್ಲ, ಅವು ಮಾಸಲು ತಿಂಗಳುಗಳೇ ಬೇಕು ಎಂದಿದ್ದಾರೆ ಡಾಕ್ಟ್ರು.