ಗಡ್ಡೆಯನ್ನು ಹುಡುಕಿ ಹೊಡೆಯುವ ಅಣು ಚಿತ್ರಣ

ಪದೇ ಪದೇ ಭೇದಿ, ಹೊಟ್ಟೆನೋವು, ಇದ್ದಕ್ಕಿದ್ದಂತೆ ಮುಖ ಕೆಂಪೇರಿ ಬಿಸಿಯಾಗುವುದು ಕಾಣಿಸಿಕೊಂಡರೆ ಹೆಚ್ಚಿನವರು ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿ ಸುಮ್ಮನಾಗುತ್ತಾರೆ. ಮಹಿಳೆಯರು ಮುಟ್ಟು ನಿಲ್ಲುವ ಕಾಲದ ತೊಂದರೆಯೆಂದು ಸಹಿಸಿಕೊಳ್ಳುತ್ತಾರೆ. ಆದರೆ ಅಪರೂಪಕ್ಕೆ ಇದರ ಹಿಂದೆ ನ್ಯೂರೋಎಂಡೋಕ್ರೈನ್ ಗಡ್ಡೆ ಅಡಗಿರುತ್ತದೆ. ನಟ ಇರ್ಫಾನ್ ಖಾನ್ 2018ರಲ್ಲಿ ತಮಗೆ ಈ ಕಾಯಿಲೆಯಿದೆ ಎಂದು ತಿಳಿಸಿದಾಗಲೇ ಅನೇಕರು ಇದರ ಹೆಸರು ಕೇಳಿದ್ದು.

ಹಾರ್ಮೋನು ಸ್ರವಿಸುವ ಜೀವಕೋಶಗಳಿಂದ ಹುಟ್ಟುವ ಈ ಗಡ್ಡೆ ಹೆಚ್ಚಾಗಿ ಕರುಳು, ಮೇದೋಜ್ಜೀರಕ ಗ್ರಂಥಿಗಳಲ್ಲಿ ಕಾಣಿಸುತ್ತದೆ. ಹಲವರಲ್ಲಿ ಅದು ನಿಧಾನವಾಗಿ ಬೆಳೆಯುವುದರಿಂದ ಪತ್ತೆಯಾಗಲು ವರ್ಷಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಲಿವರ್‌ಗೂ ಹರಡಿರಬಹುದು.

ಸಾಮಾನ್ಯ ಸ್ಕ್ಯಾನಿಂಗ್ ಅಂಗದ ಆಕಾರವನ್ನು ತೋರಿಸುತ್ತದೆ. ಸಣ್ಣ ಗಡ್ಡೆ ಅದರ ಕಣ್ಣಿಗೆ ಬೀಳದಿರಬಹುದು. ಅಣು ಚಿತ್ರಣ ಹುಡುಕುವುದು ಆಕಾರವನ್ನಲ್ಲ, ಜೀವಕೋಶದ ಗುರುತನ್ನು. ಈ ಗಡ್ಡೆಗಳ ಜೀವಕೋಶಗಳ ಮೇಲೆ ಸೊಮಾಟೋಸ್ಟಾಟಿನ್ ಎಂಬ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕಗಳು ಹೇರಳವಾಗಿರುತ್ತವೆ. ಅವು ಬೀಗವಿದ್ದಂತೆ. ಅದಕ್ಕೆ ಹೊಂದುವ ಕೀಲಿಯಂತಹ ಅಣುವಿಗೆ ಗ್ಯಾಲಿಯಂ-68 ಎಂಬ ವಿಕಿರಣಶೀಲ ಧಾತುವನ್ನು ಜೋಡಿಸಿ ರಕ್ತನಾಳಕ್ಕೆ ಚುಚ್ಚುತ್ತಾರೆ. ಸುಮಾರು ಒಂದು ಗಂಟೆಯ ಬಳಿಕ ಪೆಟ್ ಸ್ಕ್ಯಾನ್ ಮಾಡಿದರೆ ಗಡ್ಡೆ ಎಲ್ಲೆಲ್ಲಿದೆ ಎಂಬುದು ದೀಪ ಹಚ್ಚಿದಂತೆ ಕಾಣುತ್ತದೆ. ಗ್ಯಾಲಿಯಂ-68ರ ವಿಕಿರಣ 68 ನಿಮಿಷಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ.

ವಿಶೇಷವೆಂದರೆ, ಅದೇ ಕೀಲಿ ಚಿಕಿತ್ಸೆಗೂ ಒದಗುತ್ತದೆ. ಗ್ಯಾಲಿಯಂ ಬದಲಿಗೆ ಲುಟೀಷಿಯಂ-177 ಜೋಡಿಸಿದರೆ ಅದು ಗಡ್ಡೆಗೆ ಅಂಟಿಕೊಂಡು, ಕೆಲವೇ ಮಿಲಿಮೀಟರ್ ದೂರದೊಳಗೆ ವಿಕಿರಣ ಸೂಸಿ ಆ ಜೀವಕೋಶಗಳನ್ನು ನಾಶ ಮಾಡುತ್ತದೆ. ಸಾಮಾನ್ಯವಾಗಿ 8 ವಾರಗಳ ಅಂತರದಲ್ಲಿ 4 ಬಾರಿ ಕೊಡುತ್ತಾರೆ. ಮೂತ್ರಪಿಂಡದ ರಕ್ಷಣೆಗೆ ಜೊತೆಯಲ್ಲೇ ಅಮೈನೋ ಆಮ್ಲದ ಡ್ರಿಪ್ ಹಾಕುತ್ತಾರೆ. ಅಮೇರಿಕದಲ್ಲಿ ಇದಕ್ಕೆ 2018ರಲ್ಲಿ ಅನುಮತಿ ದೊರೆಯಿತು. ನಮ್ಮ ದೇಶದಲ್ಲಿ ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರ ಲುಟೀಷಿಯಂ ತಯಾರಿಸುತ್ತದೆ.

ಹಾಗೆಂದು ಇದು ಎಲ್ಲರಿಗೂ ಒಗ್ಗುವ ಮದ್ದಲ್ಲ. ಸ್ಕ್ಯಾನ್‌ನಲ್ಲಿ ಗಡ್ಡೆ ಬೆಳಗದಿದ್ದರೆ ಈ ಚಿಕಿತ್ಸೆಯಿಂದ ಪ್ರಯೋಜನವಿಲ್ಲ. ಹರಡಿದ ಗಡ್ಡೆಯನ್ನು ಇದು ಪೂರ್ತಿ ವಾಸಿ ಮಾಡುವುದು ಅಪರೂಪ. ಆದರೆ ಅದರ ಬೆಳವಣಿಗೆಯನ್ನು ತಡೆದು ರೋಗಿಗೆ ಕಾಲಾವಕಾಶ ನೀಡಬಲ್ಲದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮೊದಲೇ ವೈದ್ಯರಿಗೆ ತಿಳಿಸಬೇಕು. ಚಿಕಿತ್ಸೆ ಪಡೆದವರು ಕೆಲವು ದಿನ ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಳ್ಳಬಾರದು.

ಎಲ್ಲ ಭೇದಿಯೂ ಗಡ್ಡೆಯಲ್ಲ, ಗಾಬರಿ ಬೇಡ. ಆದರೆ ವಾರಗಟ್ಟಲೆ ಬಿಡದ ಭೇದಿಗೆ, ಕಾರಣವಿಲ್ಲದೆ ಇಳಿಯುವ ತೂಕಕ್ಕೆ ಮಾತ್ರೆ ಅಂಗಡಿಯಲ್ಲಿ ಉತ್ತರ ಹುಡುಕಬೇಡಿ. ವೈದ್ಯರಲ್ಲಿಗೆ ಹೋಗಿ.