ಕ್ರಿಕೆಟಿಗರ ಮುಖ, ಚನ್ನಮ್ಮನ ಸಿನಿಮಾ: ತಮಾಷೆಯ ಪೋಸ್ಟರ್ ಫಾರ್ವರ್ಡ್ ಆದರೆ ಏನಾಗುತ್ತದೆ?

ಕಳೆದ ದೀಪಾವಳಿ ರಜೆಯಲ್ಲಿ ಬೈಲಹೊಂಗಲದ ನಮ್ಮ ಕಾಕಾನ ಮನೆಗೆ ಹೋಗಿದ್ದೆ. ಹುಡುಗರೆಲ್ಲ ಕಟ್ಟೆಯ ಮೇಲೆ ಕ್ರಿಕೆಟ್ ಕಾರ್ಡು ಹರವಿಕೊಂಡು ಕುಳಿತಿದ್ದರು. ಅವರು ಆಡುತ್ತಿದ್ದುದು ರನ್ನು, ವಿಕೆಟ್ಟು ಹೋಲಿಸಿ ಕಾರ್ಡು ಗೆಲ್ಲುವ ಆಟವಲ್ಲ. ಕಾರ್ಡಿನಲ್ಲಿರುವ ಆಟಗಾರನ ಮುಖ ನೋಡಿ, ಅವನಿಗೆ ಸಿನಿಮಾದಲ್ಲಿ ಯಾವ ಪಾತ್ರ ಹೊಂದುತ್ತದೆ ಎಂದು ಹೇಳಬೇಕು. ಊರು ಬೈಲಹೊಂಗಲ ಆದ ಮೇಲೆ ಸಿನಿಮಾ ಯಾವುದು ಎಂದು ಬೇರೆ ಹೇಳಬೇಕಿಲ್ಲ. ಕೆ.ಎಲ್. ರಾಹುಲ್ ಸಂಗೊಳ್ಳಿ ರಾಯಣ್ಣ, ಬೆನ್ ಸ್ಟೋಕ್ಸ್ ಥ್ಯಾಕರೆ ಸಾಹೇಬ. ಚನ್ನಮ್ಮನ ಪಾತ್ರಕ್ಕೆ ಕಾರ್ಡು ಸಿಗಲಿಲ್ಲ, ಮೊಬೈಲಿನಲ್ಲಿ ಸ್ಮೃತಿ ಮಂಧಾನ ಫೋಟೊ ಹುಡುಕಿದರು.

ಅಲ್ಲಿಗೇ ಬಿಡಲಿಲ್ಲ. ಒಬ್ಬ ಹುಡುಗ ಎಐ ಆ್ಯಪ್‌ನಲ್ಲಿ ನಾಲ್ಕು ಸಾಲು ಬರೆದ. ನಿಮಿಷದೊಳಗೆ ಕೋಟೆ, ಕುದುರೆ, ಕತ್ತಿ ಎಲ್ಲ ಇರುವ ಪೋಸ್ಟರ್ ತಯಾರಾಯಿತು. ಕೆಳಗೆ ಸಣ್ಣ ಅಕ್ಷರದಲ್ಲಿ "ಸುಮ್ನ ತಮಾಷೆಗೆ" ಎಂದು ಬರೆದು ಮನೆಯ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದ. ಎಲ್ಲರೂ ನಕ್ಕೆವು.

ನಾಲ್ಕು ದಿನದ ಮೇಲೆ ಸವದತ್ತಿಯಿಂದ ದೊಡ್ಡವ್ವ ಫೋನು ಮಾಡಿದಳು. "ಯವ್ವಾ, ಚನ್ನಮ್ಮನ ಹೊಸ ಪಿಕ್ಚರ್ ಬರಾಕತ್ತೈತಂತಲ್ಲ? ನಮ್ಮ ಓಣ್ಯಾಗಿನ ಹುಡುಗಿ ಅದರಾಗ ಪಾರ್ಟ್ ಮಾಡ್ತೇನಂತ ರೊಕ್ಕ ಕಟ್ಟಾಕ ಹೊಂಟಾಳ."

ಅವಳು ಕಳಿಸಿದ್ದು ಅದೇ ಪೋಸ್ಟರ್. "ಸುಮ್ನ ತಮಾಷೆಗೆ" ಎಂಬ ಸಾಲನ್ನು ಯಾರೋ ಕತ್ತರಿಸಿದ್ದರು. ಜತೆಗೆ ಒಂದು ಸಂದೇಶ ಸೇರಿತ್ತು: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಹೊಸ ಕಲಾವಿದರಿಗೆ ಅವಕಾಶ, ನೋಂದಣಿ ಶುಲ್ಕ 499 ರೂಪಾಯಿ, ಈ ನಂಬರಿಗೆ ಕಳಿಸಿ.

ಮನೆಯ ಆಟ ನಾಲ್ಕೇ ದಿನದಲ್ಲಿ ಮೋಸದ ಸಾಮಾನಾಯಿತು. ಇದು ಹೇಗೆ ಆಯಿತು ಎಂದು ಒಂದೊಂದಾಗಿ ನೋಡೋಣ.

ಆಟಗಾರರು ನಟರಾಗುವುದು ಸಾಧ್ಯವೇ ಇಲ್ಲವೇ?

ಸಾಧ್ಯ. ಅದಕ್ಕೇ ಇಂಥ ಪೋಸ್ಟರನ್ನು ಜನ ನಂಬುತ್ತಾರೆ. ನಂಬಿದವರನ್ನು ದಡ್ಡರು ಎನ್ನುವಂತಿಲ್ಲ.

ಸಂದೀಪ್ ಪಾಟೀಲ್ ಮತ್ತು ನಮ್ಮ ಸೈಯದ್ ಕಿರ್ಮಾನಿ 1985ರ ಹಿಂದಿ ಚಿತ್ರ 'ಕಭಿ ಅಜನಬಿ ಥೇ'ಯಲ್ಲಿ ನಟಿಸಿದ್ದರು. ಅನಿಲ್ ಕುಂಬ್ಳೆ 2008ರ 'ಮೀರಾಬಾಯಿ ನಾಟ್ ಔಟ್' ಚಿತ್ರದಲ್ಲಿ ಕಾಣಿಸಿಕೊಂಡರು. ವಿನೋದ್ ಕಾಂಬ್ಳಿ 2015ರ ಕನ್ನಡ ಚಿತ್ರ 'ಬೆತ್ತನಗೆರೆ'ಯಲ್ಲಿ, ಶ್ರೀಶಾಂತ್ 2019ರ 'ಕೆಂಪೇಗೌಡ 2'ರಲ್ಲಿ ಇದ್ದರು. ಆಸ್ಟ್ರೇಲಿಯಾದ ಡೇವಿಡ್ ವಾರ್ನರ್ ಅವರದು ಇನ್ನೂ ಸ್ವಾರಸ್ಯ. ಕೊರೊನಾ ಕಾಲದಲ್ಲಿ ಮುಖ ಬದಲಿಸುವ ಆ್ಯಪ್ ಬಳಸಿ, ತೆಲುಗು ಹೀರೋಗಳ ದೇಹಕ್ಕೆ ತಮ್ಮ ಮುಖ ಕೂರಿಸಿದ ವಿಡಿಯೊಗಳನ್ನು ಅವರೇ ಹಾಕುತ್ತಿದ್ದರು. 2025ರಲ್ಲಿ 'ರಾಬಿನ್‌ಹುಡ್' ಎಂಬ ತೆಲುಗು ಚಿತ್ರದ ಸಣ್ಣ ಪಾತ್ರದಲ್ಲಿ ನಿಜವಾಗಿಯೂ ಬಂದರು.

ನಿಜ ಯಾವುದು, ಆಟ ಯಾವುದು ಎಂದು ಗೊಂದಲವಾಗುವ ಸಂದರ್ಭಗಳೂ ಇವೆ. 2022ರ ಫೆಬ್ರುವರಿಯಲ್ಲಿ ಧೋನಿ 'ಅಥರ್ವ' ಎಂಬ ಹೆಸರಿನಲ್ಲಿ ಯೋಧನ ವೇಷದ ತಮ್ಮ ದೃಶ್ಯಗಳನ್ನು ಹಂಚಿಕೊಂಡರು. ನೋಡಿದರೆ ಸಿನಿಮಾದ ಟೀಸರ್ ಅನಿಸುವಂತಿತ್ತು. ಆದರೆ ಅದು ಚಿತ್ರಗಳ ಮೂಲಕ ಕಥೆ ಹೇಳುವ ಪುಸ್ತಕ, ಗ್ರಾಫಿಕ್ ಕಾದಂಬರಿ.

ಮುಖ ನೋಡಿದ ಕೂಡಲೇ ಪಾತ್ರ ಹೊಳೆಯುವುದು ಯಾಕೆ?

ಕಾರ್ಡು ನೋಡಿ ಪಾತ್ರ ಹಂಚುವುದು ನಮ್ಮ ಹುಡುಗರು ಹೊಸದಾಗಿ ಕಂಡುಹಿಡಿದದ್ದಲ್ಲ. ಅಮೆರಿಕದಲ್ಲಿ 19ನೇ ಶತಮಾನದ ಕೊನೆಗೆ ಸಿಗರೇಟು ಪೊಟ್ಟಣದ ಜತೆ ಬೇಸ್‌ಬಾಲ್ ಆಟಗಾರರ ಕಾರ್ಡು ಕೊಡುತ್ತಿದ್ದರು, ಆಮೇಲೆ ಬಬಲ್ ಗಮ್ ಜತೆ ಬಂದವು. ಆ ಕಾರ್ಡಿನ ಮುಖ ನೋಡಿ, ಇವನು ಪತ್ತೇದಾರ, ಇವನು ದರೋಡೆಕೋರ ಎಂದು ಇಲ್ಲದ ಸಿನಿಮಾಗಳಿಗೆ ಪಾತ್ರ ಹಂಚುವವರು ಅಲ್ಲಿಯೂ ಇದ್ದಾರೆ. ನಮ್ಮಲ್ಲಿಯೂ 1980ರ ದಶಕದ ಮಕ್ಕಳು ಬಬಲ್ ಗಮ್ ಜತೆ ಬರುತ್ತಿದ್ದ ಕ್ರಿಕೆಟಿಗರ ಚಿತ್ರ ಕೂಡಿಸುತ್ತಿದ್ದರು.

ಈ ಆಟ ಇಷ್ಟು ಸುಲಭವಾಗುವುದಕ್ಕೆ ನಮ್ಮ ಮಿದುಳೇ ಕಾರಣ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಆಗ ಇದ್ದ ಮನೋವಿಜ್ಞಾನಿ ಅಲೆಕ್ಸಾಂಡರ್ ಟೊಡೊರೊವ್ ಮತ್ತು ಜೊತೆಗಾರರು ಇದನ್ನು ಅಧ್ಯಯನ ಮಾಡಿದ್ದಾರೆ. ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಒಂದು ಮುಖ ತೋರಿಸಿದರೂ ಸಾಕು, ಇವನು ನಂಬಿಗಸ್ತ, ಇವನು ಒರಟ ಎಂದು ನೋಡಿದವರು ತೀರ್ಮಾನಿಸಿಬಿಡುತ್ತಾರೆ ಎಂದು 2006ರಲ್ಲಿ ತೋರಿಸಿದರು. ಅದಕ್ಕೂ ಒಂದು ವರ್ಷ ಮೊದಲು, ಅಪರಿಚಿತ ಅಭ್ಯರ್ಥಿಗಳ ಫೋಟೊ ತೋರಿಸಿ ಇಬ್ಬರಲ್ಲಿ ಯಾರು ಸಮರ್ಥರಂತೆ ಕಾಣುತ್ತಾರೆ ಎಂದು ಕೇಳಿದ್ದರು. ಜನ ಆರಿಸಿದ ಮುಖಗಳು ಅಮೆರಿಕದ ಸೆನೆಟ್ ಚುನಾವಣೆಗಳಲ್ಲಿ ಗೆದ್ದವರೊಂದಿಗೆ ಸುಮಾರು ಶೇ 70ರಷ್ಟು ಹೊಂದಿಕೆಯಾದವು.

ಹಾಗೆಂದು ಮುಖ ನೋಡಿದರೆ ಗುಣ ತಿಳಿಯುತ್ತದೆ ಎಂದಲ್ಲ. ಮತ ಹಾಕುವವರೂ ಅರಿವಿಲ್ಲದೆ ಮುಖ ನೋಡಿಯೇ ತೂಗುತ್ತಾರೆ ಎಂಬುದನ್ನು ಇದು ಹೇಳುತ್ತದೆ. ಖಳನಾಯಕನಂತೆ ಕಾಣುವವನು ಮನೆಯಲ್ಲಿ ಸಾಧು ಮನುಷ್ಯನಿರಬಹುದು. ಆದರೆ ಪಾತ್ರಕ್ಕೆ ಮುಖ ಹೊಂದಿತು ಎನಿಸಿದ ಕ್ಷಣ ಮನಸ್ಸು "ಇದು ನಿಜವೇ ಇರಬೇಕು" ಎಂದು ಒಪ್ಪಲು ಅರ್ಧ ತಯಾರಾಗಿರುತ್ತದೆ.

ಆಟ ಎಂದು ಗೊತ್ತಾಗುವುದು ಹೇಗೆ?

ಓಣಿಯ ನಾಯಿಗಳು ಆಡುವುದನ್ನು ನೋಡಿರುತ್ತೀರಿ. ಒಂದು ನಾಯಿ ಮುಂಗಾಲು ನೆಲಕ್ಕೆ ಊರಿ, ಹಿಂಭಾಗ ಮೇಲೆತ್ತಿ, ಬಾಲ ಅಲ್ಲಾಡಿಸುತ್ತದೆ. ಆಮೇಲೆ ಕಚ್ಚಿದರೂ ಇನ್ನೊಂದು ನಾಯಿ ಸಿಟ್ಟಾಗುವುದಿಲ್ಲ. "ಇನ್ನು ಮುಂದೆ ಮಾಡುವುದು ಆಟ" ಎಂಬ ಸನ್ನೆ ಮೊದಲೇ ಸಿಕ್ಕಿದೆ. ಮಾನವಶಾಸ್ತ್ರಜ್ಞ ಗ್ರೆಗರಿ ಬೇಟ್ಸನ್ 1950ರ ದಶಕದಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಮೃಗಾಲಯದಲ್ಲಿ ಮಂಗಗಳ ಸುಳ್ಳು ಜಗಳ ನೋಡಿ ಇದನ್ನೇ ಬರೆದರು: ಆಟಕ್ಕೆ "ಇದು ಆಟ" ಎಂದು ಹೇಳುವ ಒಂದು ಚೌಕಟ್ಟು ಬೇಕು. ಚೌಕಟ್ಟು ಕಳಚಿದರೆ ಅದೇ ಕಚ್ಚಾಟ ನಿಜವಾದ ಜಗಳವಾಗುತ್ತದೆ.

ಬೈಲಹೊಂಗಲದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. 'ಸಂಗ್ಯಾ ಬಾಳ್ಯಾ' ಸಣ್ಣಾಟ ಈ ಊರಲ್ಲಿ ನಡೆದ ಕೊಲೆಯ ಕಥೆ ಎಂದೇ ಪ್ರಸಿದ್ಧ. ಆಟದಲ್ಲಿ ಸಂಗ್ಯಾ ಸಾಯುತ್ತಾನೆ, ನೋಡುವವರು ಕಣ್ಣೀರು ಹಾಕುತ್ತಾರೆ. ಆದರೂ ಯಾರೂ ಪೊಲೀಸರಿಗೆ ಫೋನು ಮಾಡುವುದಿಲ್ಲ. ವೇದಿಕೆ, ಬಣ್ಣ, ಹಿಮ್ಮೇಳ, ಸುತ್ತ ಕುಳಿತ ಜನ, ಇವೆಲ್ಲ ಸೇರಿ "ಇದು ಆಟ" ಎಂದು ಹೇಳುತ್ತಲೇ ಇರುತ್ತವೆ.

ನಮ್ಮ ಹುಡುಗರ ಪೋಸ್ಟರಿಗೆ ಇದ್ದ ವೇದಿಕೆ ಎಂದರೆ ಆ ಕಟ್ಟೆ, ಮನೆಯ ಗ್ರೂಪು, ಮತ್ತು "ಸುಮ್ನ ತಮಾಷೆಗೆ" ಎಂಬ ಎರಡು ಪದ. ಫಾರ್ವರ್ಡ್ ಮಾಡಿದಾಗ ಚಿತ್ರ ಮಾತ್ರ ಮುಂದೆ ಹೋಯಿತು. ವೇದಿಕೆ ಹಿಂದೆಯೇ ಉಳಿಯಿತು.

ಚೌಕಟ್ಟು ಕಳಚಿದ ಮೇಲೆ

ಒಂದು ಸುಳ್ಳನ್ನು ಮತ್ತೆ ಮತ್ತೆ ಕೇಳಿದರೆ ಅದು ನಿಜ ಎನಿಸತೊಡಗುತ್ತದೆ. 1977ರಿಂದಲೇ ಮನೋವಿಜ್ಞಾನಿಗಳು ಇದನ್ನು ಪ್ರಯೋಗಗಳಲ್ಲಿ ಕಂಡಿದ್ದಾರೆ. ಅದೇ ಪೋಸ್ಟರ್ ಸಂಘದ ಗ್ರೂಪು, ಶಾಲೆಯ ಗ್ರೂಪು, ಬೀಗರ ಗ್ರೂಪು ಮೂರರಲ್ಲೂ ಬಂದರೆ ಮೂರು ಕಡೆಯಿಂದ ಸಾಕ್ಷಿ ಸಿಕ್ಕಂತೆ ಅನಿಸುತ್ತದೆ. ಆದರೆ ಮೂರೂ ಒಂದೇ ಚಿತ್ರದ ಪ್ರತಿಗಳು.

ಇದರಿಂದ ಆಗುವ ಹಾನಿ ಸಣ್ಣದಲ್ಲ. 2023ರ ನವೆಂಬರಿನಲ್ಲಿ ಬೇರೆ ಮಹಿಳೆಯೊಬ್ಬರ ವಿಡಿಯೊಗೆ ನಟಿ ರಶ್ಮಿಕಾ ಮಂದಣ್ಣ ಮುಖ ಕೂರಿಸಿ ಹರಡಲಾಯಿತು. ಅದನ್ನು ಮಾಡಿದ ಆರೋಪದಲ್ಲಿ 2024ರ ಜನವರಿಯಲ್ಲಿ ಯುವಕನೊಬ್ಬನನ್ನು ಬಂಧಿಸಿದ ದೆಹಲಿ ಪೊಲೀಸರು ಹೇಳಿದ ಕಾರಣ: ಅಭಿಮಾನಿ ಪುಟಕ್ಕೆ ಫಾಲೋವರ್ಸ್ ಹೆಚ್ಚಿಸಿಕೊಳ್ಳಲು. ಅದೇ ತಿಂಗಳು, ಗೇಮ್ ಆ್ಯಪ್ ಒಂದರಿಂದ ದುಡ್ಡು ಮಾಡಬಹುದು ಎಂದು ಸಚಿನ್ ತೆಂಡೂಲ್ಕರ್ ಹೇಳುವಂತಿದ್ದ ವಿಡಿಯೊ ಓಡಾಡಿತು. ಅದು ನಕಲಿ ಎಂದು ಸಚಿನ್ ಅವರೇ ಎಚ್ಚರಿಸಬೇಕಾಯಿತು. ಎರಡರಲ್ಲೂ ಒಬ್ಬರ ಮುಖವನ್ನು ಅವರ ಒಪ್ಪಿಗೆ ಇಲ್ಲದೆ ಅವರದಲ್ಲದ ಪಾತ್ರಕ್ಕೆ ಹಾಕಲಾಗಿತ್ತು. ನೋಡಿದವರಿಗೆ ಅದನ್ನು ತಿಳಿಸಿರಲಿಲ್ಲ.

ಚನ್ನಮ್ಮನ 'ಅಪರೂಪದ ನಿಜ ಫೋಟೊ'?

ನಮ್ಮ ಭಾಗದವರು ಇನ್ನೊಂದು ವಿಷಯವನ್ನೂ ತಿಳಿದಿರಬೇಕು. ಸಿನಿಮಾ ದೃಶ್ಯವನ್ನೋ ಎಐ ಚಿತ್ರವನ್ನೋ ಕಪ್ಪುಬಿಳುಪು ಮಾಡಿ, ಇದು ಚನ್ನಮ್ಮ ಅಥವಾ ರಾಯಣ್ಣನ ಅಸಲಿ ಫೋಟೊ ಎಂದು ಯಾರಾದರೂ ಕಳಿಸಿದರೆ ಏನು ಮಾಡುತ್ತೀರಿ?

ಇದಕ್ಕೆ ಉತ್ತರ ಕೊಡಲು ಇಸವಿ ಗೊತ್ತಿದ್ದರೆ ಸಾಕು. ಕಿತ್ತೂರಿನ ಕದನದಲ್ಲಿ ಥ್ಯಾಕರೆ ಸತ್ತದ್ದು 1824ರ ಅಕ್ಟೋಬರ್ 23ರಂದು. ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲಿದ್ದ ಚನ್ನಮ್ಮ ತೀರಿಕೊಂಡದ್ದು 1829ರಲ್ಲಿ. ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಫೋಟೊ ತೆಗೆಯುವ ವಿಧಾನ ಫ್ರಾನ್ಸಿನಲ್ಲಿ ಬಹಿರಂಗವಾದದ್ದು 1839ರಲ್ಲಿ. ಆದ್ದರಿಂದ ಇಬ್ಬರ ಫೋಟೊವೂ ಇರಲು ಸಾಧ್ಯವಿಲ್ಲ.

ಹಾಗಾದರೆ ಚನ್ನಮ್ಮ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವ ಮುಖ ಯಾರದು? ಹಿರಿಯರಿಗೆ ಬಹುಮಟ್ಟಿಗೆ ಅದು ಬಿ. ಸರೋಜಾದೇವಿ ಅವರದು. ಬಿ.ಆರ್. ಪಂತುಲು ಅವರ 1961ರ 'ಕಿತ್ತೂರು ಚೆನ್ನಮ್ಮ' ಚಿತ್ರದಲ್ಲಿ ಅವರು ಆ ಪಾತ್ರ ಮಾಡಿದ್ದರು. 2012ರ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ನೋಡಿದವರಿಗೆ ರಾಣಿ ಎಂದರೆ ಜಯಪ್ರದಾ, ರಾಯಣ್ಣ ಎಂದರೆ ದರ್ಶನ್. ಇದರಲ್ಲಿ ಮೋಸವೇನಿಲ್ಲ. ಅವು ಸಿನಿಮಾ ಎಂದು ತಿಳಿದೇ ನೋಡಿದ್ದೇವೆ. "ಇದು ನಟಿಯ ಮುಖ" ಎಂಬುದನ್ನು ಅಳಿಸಿ "ಇದೇ ರಾಣಿಯ ಮುಖ" ಎಂದು ಬರೆದಾಗ ಮಾತ್ರ ಅದು ಇತಿಹಾಸದ ಮೇಲೆ ಹೇಳಿದ ಸುಳ್ಳಾಗುತ್ತದೆ.

ಪೋಸ್ಟರ್ ಬಂದರೆ ಏನು ನೋಡಬೇಕು?

1. ನಿರ್ದೇಶಕ, ನಿರ್ಮಾಪಕ, ನಿರ್ಮಾಣ ಸಂಸ್ಥೆಯ ಹೆಸರು ಇದೆಯೇ? ಇದ್ದರೆ ಅವರ ಅಧಿಕೃತ ಖಾತೆಯಲ್ಲಿ ಅದೇ ಪೋಸ್ಟರ್ ಇದೆಯೇ? ಇಷ್ಟು ದೊಡ್ಡ ಆಟಗಾರ ನಟಿಸಿದರೆ ಪತ್ರಿಕೆಗಳು ಬರೆಯದೆ ಇರುವುದಿಲ್ಲ.

2. ಗೂಗಲ್ ಲೆನ್ಸ್‌ನಲ್ಲಿ ಚಿತ್ರ ಹಾಕಿ ನೋಡಿ. ಮೊದಲು ಎಲ್ಲಿ ಬಂದಿತ್ತು, ಕತ್ತರಿಸುವ ಮೊದಲು ಕೆಳಗೆ ಏನು ಬರೆದಿತ್ತು ಎಂಬುದು ಎಷ್ಟೋ ಸಲ ಸಿಗುತ್ತದೆ.

3. ಚಿತ್ರವನ್ನು ದೊಡ್ಡದು ಮಾಡಿ ಕನ್ನಡ ಅಕ್ಷರ, ಬೆರಳು, ಕತ್ತಿಯ ಹಿಡಿ, ಹಿಂದಿನ ಸೈನಿಕರ ಮುಖ ನೋಡಿ. ಎಐ ಅಲ್ಲಿ ತಪ್ಪುವುದುಂಟು. ಆದರೆ ಅದು ದಿನದಿನಕ್ಕೆ ಸುಧಾರಿಸುತ್ತಿದೆ, ತಪ್ಪು ಕಾಣದಿದ್ದರೆ ನಿಜ ಎಂದುಕೊಳ್ಳಬೇಡಿ.

4. ಸಂದೇಶದ ಮೇಲೆ ಜೋಡಿ ಬಾಣದ ಗುರುತು ಇದ್ದರೆ ಅದು ಹಲವು ಕೈ ದಾಟಿ ಬಂದಿದೆ ಎಂದರ್ಥ. ಕಳಿಸಿದವರು ನಿಮ್ಮ ಮಾವನೇ ಇರಬಹುದು, ಆದರೆ ಅದನ್ನು ಮಾಡಿದವರು ಯಾರೋ.

5. ಪಾತ್ರ ಕೊಡುತ್ತೇವೆ ಎಂದು ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಪಾತ್ರ ಕೊಡುವವರು ಕಲಾವಿದರಿಗೆ ಸಂಭಾವನೆ ಕೊಡಬೇಕು, ಕಲಾವಿದರಿಂದ ಶುಲ್ಕ ಪಡೆಯುವುದಲ್ಲ. ದುಡ್ಡು ಈಗಾಗಲೇ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಪೋಸ್ಟರ್ ಮಾಡುವವರಿಗೂ ಒಂದು ಮಾತು. ಆಟ ಬಿಡಬೇಡಿ. ಆದರೆ "ಇದು ಕಲ್ಪನೆ, ಇಂಥ ಸಿನಿಮಾ ಇಲ್ಲ" ಎಂದು ಚಿತ್ರದ ನಡುವೆಯೇ, ಕತ್ತರಿಸಲು ಆಗದ ಜಾಗದಲ್ಲಿ, ದೊಡ್ಡದಾಗಿ ಬರೆಯಿರಿ. ಬಿಡುಗಡೆ ದಿನಾಂಕ, ನಿಜ ಸಂಸ್ಥೆಯ ಲೋಗೊ ಹಾಕಬೇಡಿ. ಯಾರ ಮುಖವನ್ನೂ ಅವರಿಗೆ ಅವಮಾನವಾಗುವ ಪಾತ್ರಕ್ಕೆ ಬಳಸಬೇಡಿ.

ಸವದತ್ತಿಯ ಆ ಹುಡುಗಿ ದುಡ್ಡು ಕಳಿಸಲಿಲ್ಲ. ಪೋಸ್ಟರ್ ಮಾಡಿದ ಹುಡುಗನ ಕೈಗೇ ಫೋನು ಕೊಟ್ಟು ಅವಳೊಂದಿಗೆ ಮಾತಾಡಿಸಿದೆ. "ಅಕ್ಕಾ, ಅದನ್ನ ನಾನ ಮಾಡೇನ್ರಿ, ಪಿಕ್ಚರ್ ಇಲ್ರಿ" ಎಂದ. ಸ್ವಲ್ಪ ಹೊತ್ತು ಅವಳು ಮಾತಾಡಲಿಲ್ಲ. ಆಮೇಲೆ, "ಹಂಗಾರ ಬ್ಯಾರೆ ಕಡೆ ಕೇಳ್ತೇನಿ. ಪಾರ್ಟ್ ಮಾಡೋದಂತೂ ಬಿಡಂಗಿಲ್ಲ" ಎಂದಳಂತೆ. ಅವಳ ಆಸೆ ಸುಳ್ಳಲ್ಲ, ಸುಳ್ಳಾಗಿದ್ದದ್ದು ಪೋಸ್ಟರ್ ಮಾತ್ರ. ಹುಡುಗ ಅದೇ ಸಂಜೆ ಗ್ರೂಪಿನಲ್ಲಿದ್ದ ಚಿತ್ರ ಅಳಿಸಿ, ನಡುವೆ ದಪ್ಪ ಅಕ್ಷರದಲ್ಲಿ "ಕಲ್ಪನೆ" ಎಂದು ಬರೆದು ಮತ್ತೆ ಹಾಕಿದ. ಹಳೆಯದು ಇನ್ನೂ ಎಲ್ಲೆಲ್ಲಿ ಓಡಾಡುತ್ತಿದೆಯೋ. ನಿಮ್ಮ ಗ್ರೂಪಿಗೆ ಬಂದರೆ ದಯವಿಟ್ಟು ಅಲ್ಲಿಗೇ ನಿಲ್ಲಿಸಿ.